ಟೆಸ್ಸಳ ಮಣಿಕಟ್ಟು

ಈ ನಿಲುವಂಗಿಯ ಕಾಲರಿನಲ್ಲಿ ಯಾರದೋ ಬೆವರು, ನನ್ನದಲ್ಲ, ನನಗಿಂತ ಮುಂಚೆ ಇದನ್ನು ತೊಟ್ಟು ಹಾಡಿದ ಯಾವಳೋ ಪುಣ್ಯಾತ್ಗಿತ್ತಿಯದು, ಅವಳ ಹಿಂದಿನವಳದೂ ಇದ್ದೀತು, ಕಡುಗೆಂಪು ಮಖಮಲ್ಲು, ಒಗೆಯುವ ಹಾಗಿಲ್ಲ, ಬಣ್ಣ ಹೋಗುತ್ತದಂತೆ, ಅದಕ್ಕೇ ಪ್ರತಿ ಸಂಜೆ ಲ್ಯಾವೆಂಡರ್ ನೀರು ಚಿಮುಕಿಸುತ್ತಾರೆ, ಈಗ ಬೆವರಿಗೂ ಲ್ಯಾವೆಂಡರ್ ಹತ್ತಿಕೊಂಡಿದೆ, ಥೂ — ಚರ್ಚಿನ ನೆಲಮಾಳಿಗೆಯಲ್ಲಿ ಸಾಲಾಗಿ ನಿಂತಿದ್ದೇವೆ, ಮೇಲೆ ಜನ ಬಂದು ಕೂರುವ ಸದ್ದು, ಅಯೋವಾದ ಮಾರ್ಚ್ ತಿಂಗಳ ಕೆಸರನ್ನು ಬೂಟಿನಿಂದ ಒದರುವ ಸದ್ದು, ಯಾರಾದರೂ ಬಾಗಿಲು ತೆರೆದಾಗಲೆಲ್ಲ ಹಂದಿ ಕೊಟ್ಟಿಗೆಯ ನಾತ ಒಳಗೆ ಬರುತ್ತದೆ, ಈ ಊರಿನವರಿಗೆ ಅದು ಗೊತ್ತೇ ಆಗುವುದಿಲ್ಲ. ವಸಂತದ ರಜೆ ಎಂದರೆ ಇದು. ನರ್ಸಿಂಗ್ ತರಗತಿಯ ಮಿಕ್ಕವರೆಲ್ಲ ಫ್ಲಾರಿಡಾದ ಮರಳಿನ ಮೇಲೆ ಬೆನ್ನು ಸುಟ್ಟುಕೊಳ್ಳುತ್ತಿದ್ದಾರೆ, ನಾನು ಕಾಲೇಜಿನ ಕ್ವಾಯರಿನ, ಭಕ್ತಿಗೀತೆ ಹಾಡುವ ತಂಡದ ಜೊತೆ ಬಸ್ಸಿನಲ್ಲಿ ಊರೂರು ಅಲೆದು ದೇವರನ್ನು ಸ್ತುತಿಸುತ್ತಿದ್ದೇನೆ, ಅಮ್ಮ ಹೇಳಿದ್ದಳು, ಹೋಗು ಬ್ರಿಟ್ಟಾ, ನಾನೂ ಹೋಗಿದ್ದೆ, ಸಾಯೋವರೆಗೂ ನೆನಪಿರತ್ತೆ. ಇರುತ್ತದೆ ಬಿಡು. ಮುಂದಿನ ಸಾಲಿನಲ್ಲಿ ಟೆಸ್ ನಿಂತಿದ್ದಾಳೆ, ನಮ್ಮ ಕ್ವಾಯರಿನ ಕಂಠ, ಮೈಯೆಲ್ಲ ಮೂಳೆ, ಕಿವಿಯ ಕೆಳಗೆ ಮಾತ್ರ ಮಂಗಬಾವು ಬಂದವರ ಹಾಗೆ ಊತ — ಮಂಗಬಾವು ಅಲ್ಲ, ಬಾಯಿಗೆ ಬೆರಳು ಹಾಕಿ ತಿಂದದ್ದನ್ನೆಲ್ಲ ಕಕ್ಕುವವರಿಗೆ ಅಲ್ಲೇ ಊದುತ್ತದೆ, ಪುಸ್ತಕದಲ್ಲಿ ಚಿತ್ರಸಮೇತ ಇದೆ, ಬೆರಳಿನ ಗೆಣ್ಣಿನ ಮೇಲೆ ಹಲ್ಲು ತಾಗಿದ ಗಾಯ ಇರುತ್ತದೆ ಅಂತಲೂ ಇದೆ. ಟೆಸ್ಸಳ ಬಲಗೈಯಲ್ಲಿ ಅದೂ ಇದೆ.

ನಿನ್ನೆಯಿಂದ ನಾವಿಬ್ಬರೂ ವರ್ನಾ ಎಂಬ ಮುದುಕಿಯ ಮನೆಯಲ್ಲಿದ್ದೇವೆ, ಹೋದ ಊರಿನಲ್ಲೆಲ್ಲ ಹೀಗೆಯೇ, ಚರ್ಚಿನವರು ನಮ್ಮನ್ನು ಇಬ್ಬಿಬ್ಬರಂತೆ ಹಂಚಿಕೊಂಡು ಮನೆಗೆ ಕರೆದೊಯ್ಯುತ್ತಾರೆ, ಉಣ್ಣಿಸುತ್ತಾರೆ, ಸತ್ತ ಗಂಡನ ಕೋಣೆಯಲ್ಲಿ ಮಲಗಿಸುತ್ತಾರೆ. ಕೊಚ್ಚಿದ ಮಾಂಸ, ಅದರ ಮೇಲೆ ಡಬ್ಬಿಯ ಅಣಬೆ ಸೂಪು, ಅದರ ಮೇಲೆ ಆಲೂಗೆಡ್ಡೆಯ ಕರಿದ ಉಂಡೆ, ಪಕ್ಕದಲ್ಲಿ ಕ್ಯಾರೆಟ್ ತುರಿ ಸಿಕ್ಕಿಕೊಂಡ ಹಸಿರು ಜೆಲ್ಲಿ, ಅಲುಗಾಡುತ್ತಿತ್ತು, ಟೆಸ್ ಹಗಲೆಲ್ಲ ನೀರು ಬಿಟ್ಟರೆ ಏನೂ ಮುಟ್ಟಿರಲಿಲ್ಲ, ಈಗ ಹಾಕಿಸಿಕೊಂಡಳು, ಮತ್ತೆ ಹಾಕಿಸಿಕೊಂಡಳು, ವರ್ನಾಗೆ ಖುಷಿಯೋ ಖುಷಿ, ತಿನ್ನು ಕಂದಾ, ಹಾಡೋರಿಗೆ ಮೈಯಲ್ಲಿ ಕಸುವಿರಬೇಕು. ಆಮೇಲೆ ಬಚ್ಚಲಿನಲ್ಲಿ ನಲ್ಲಿ ಸುರಿಯುವ ಸದ್ದು, ನಿಲ್ಲುವುದೇ ಇಲ್ಲ, ಈ ಹುಡ್ಗಿ ಎಷ್ಟು ಹೊತ್ತು ಮುಖ ತೊಳೀತಾಳೆ ನೋಡು ಅಂತ ವರ್ನಾ ನಗುತ್ತಾ ತಟ್ಟೆ ಎತ್ತುತ್ತಿದ್ದಳು, ಟೆಸ್ ಹೊರಗೆ ಬಂದಾಗ ಪುದೀನಾ ಪೇಸ್ಟಿನ ವಾಸನೆ, ಕಣ್ಣು ಕೆಂಪು, ನಾನು ಒಳಗೆ ಹೋದೆ, ಕಮೋಡಿನ ಅಂಚಿಗೆ ಒಂದೆಳೆ ಕ್ಯಾರೆಟ್ ತುರಿ ಅಂಟಿಕೊಂಡಿತ್ತು. ಅದನ್ನು ನಾನೇ ಕಾಗದದಲ್ಲಿ ಒರೆಸಿದೆ, ಮುದುಕಿ ನೋಡದಿರಲಿ ಅಂತ, ಒರೆಸುತ್ತಾ ಒರೆಸುತ್ತಾ ನನಗೇ ವಾಕರಿಕೆ, ಕ್ಯಾರೆಟ್ಟಿಗಲ್ಲ, ಇಷ್ಟು ಚೊಕ್ಕಟವಾಗಿ ಮುಚ್ಚಿಡುತ್ತಿದ್ದೇನಲ್ಲ ಎಂದು. ಕೈ ಕೊಡೇ, ನಾಡಿ ನೋಡ್ತೀನಿ ಎಂದೆ ಕೋಣೆಯಲ್ಲಿ, ಅವಳು ಎರಡೂ ಕೈಯನ್ನು ರಜಾಯಿಯ ಕೆಳಗೆ ಹುದುಗಿಸಿಕೊಂಡಳು, ಮೊದ್ಲು ಪರೀಕ್ಷೆ ಪಾಸ್ ಮಾಡು, ಆಮೇಲೆ ಹಿಡೀವಿಯಂತೆ, ನಕ್ಕಳು, ಆಮೇಲೆ ನಗದೆ, ಯಾರಿಗಾದ್ರೂ ಹೇಳಿದ್ಯೋ, ನಿನ್ನ ಮುಖ ಈ ಜನ್ಮದಲ್ಲಿ ನೋಡಲ್ಲ. ಬೇಡ, ನೋಡಬೇಡ. ಚಳಿಗಾಲದಲ್ಲಿ ವಾರ್ಡಿನಲ್ಲಿ ಇಂಥದೇ ಹುಡುಗಿ ಇದ್ದಳು, ಕಕ್ಕಿ ಕಕ್ಕಿ ರಕ್ತದಲ್ಲಿ ಪೊಟ್ಯಾಶಿಯಂ ಬರಿದಾಗಿತ್ತು, ಎದೆಬಡಿತ ತೋರಿಸುವ ಪರದೆಯ ಮೇಲಿನ ಗೆರೆ ಕುಡಿದವನ ಹಾಗೆ ತೂರಾಡುತ್ತಿತ್ತು, ಇಂಥೋರು ಚೆನ್ನಾಗಿ ಮಾತಾಡ್ತಾ ಮಾತಾಡ್ತಾನೇ ಹೋಗ್ಬಿಡ್ತಾರೆ ಕಣಮ್ಮ, ಗುಂಡಿಗೆ ನಿಲ್ಲೋಕೆ ಹೊತ್ತು ಗೊತ್ತು ಬೇಕಿಲ್ಲ ಎಂದಿದ್ದರು ಹಿರಿಯ ನರ್ಸು. ಮರುವಾರ ಆ ಹುಡುಗಿ ಹಾಗೆಯೇ ಹೋದ ಮೇಲೆ ಅವಳ ಹಾಸಿಗೆಯ ಬಟ್ಟೆಯನ್ನು ನಾನೇ ಬದಲಾಯಿಸಿದೆ.

ಹೇಳಿದೆ. ಬೆಳಿಗ್ಗೆಯೇ ಹೇಳಿದೆ, ಡಾಕ್ಟರ್ ಲುಂಡೀನರಿಗೆ, ನಮ್ಮ ನಿರ್ದೇಶಕರಿಗೆ, ಡಾಕ್ಟರ್ ಎಂದರೆ ಸಂಗೀತದ ಡಾಕ್ಟರ್, ಪಕ್ಕದೂರಿನ ಶಾಲೆಯಲ್ಲಿ ಹಾಡಿ ಬರಲು ಹೊರಟ ಬಸ್ಸಿನ ಬಾಗಿಲಲ್ಲಿ ಡೋನಟ್ ಕಚ್ಚುತ್ತಾ ನಿಂತಿದ್ದರು. ನೋಡಮ್ಮ ಬ್ರಿಟ್ಟಾ, ನರ್ಸಿಂಗ್ ಓದೋರಿಗೆ ಎಲ್ರೂ ರೋಗಿಗಳ ಥರಾನೇ ಕಾಣ್ತಾರೆ, ಆ ಮಗು ಈಸ್ಟರಿಗೆ ಮುಂಚಿನ ಲೆಂಟ್ ಕಾಲದ ಉಪವಾಸ ಮಾಡ್ತಿದೆ, ಅದು ಅವಳಿಗೂ ದೇವರಿಗೂ ಬಿಟ್ಟದ್ದು. ಉಪವಾಸ ಅಲ್ಲ ಸರ್, ವಾಂತಿ ಮಾಡ್ಕೋತಿದಾಳೆ, ಮೊನ್ನೆ ಹಾಡ್ತಾ ಬಿದ್ದಳಲ್ಲ, ಅದು ಮೊಣಕಾಲಿಂದ ಅಲ್ಲ. ಅವರ ಮುಖ ಹುಳ್ಳಗಾಯಿತು, ವಾಂತಿಗಲ್ಲ, ಅವರು ತಿನ್ನುವಾಗ ಆ ಮಾತೆತ್ತಿದ್ದಕ್ಕೆ. ಮೊನ್ನೆ ಟೆಸ್ ಬಿದ್ದಾಗ ಪಕ್ಕದವರು ತೋಳು ಹಿಡಿದು ಮೆಲ್ಲಗೆ ಕೂರಿಸಿದರು, ಹಾಡುತ್ತಲೇ ಕೂರಿಸಿದರು, ನಮ್ಮ ಕ್ವಾಯರಿನ ಪದ್ಧತಿ ಅದು, ಮೊಣಕಾಲು ಬಿಗಿಹಿಡಿದು ನಿಂತವರು ಬೀಳುತ್ತಾರೆ, ಬಿದ್ದವರನ್ನು ಕೂರಿಸಬೇಕು, ಹಾಡು ನಿಲ್ಲಕೂಡದು, ಅದನ್ನು ಮೊದಲ ವರ್ಷವೇ ಕಲಿಸಿ ಬೀಳಿಸಿ ಎಬ್ಬಿಸಿ ಅಭ್ಯಾಸ ಮಾಡಿಸುತ್ತಾರೆ, ಬಿದ್ದವರೆಲ್ಲ ಮೊಣಕಾಲಿನವರೇ ಎಂದು ಎಲ್ಲರೂ ನಂಬಿದ್ದಾರೆ, ಜನ ಎದ್ದುನಿಂತು ಚಪ್ಪಾಳೆ ಹೊಡೆದರು, ಎಂಥಾ ಶಿಸ್ತು ಅಂತ. ಕಾಲೇಜಿಗೆ ವಾಪಸ್ ಹೋದ್ಮೇಲೆ ನೋಡೋಣ, ಕೊನೇ ಕಾರ್ಯಕ್ರಮದಲ್ಲಿ ಅವಳೊಬ್ಬಳೇ ಹಾಡೋ ಭಾಗ ಇದೆ, ಅಲ್ಲೀವರೆಗೆ ನೀನೂ ಪ್ರಾರ್ಥನೆ ಮಾಡು ಎಂದು ಬೆರಳು ನೆಕ್ಕಿಕೊಂಡರು ಲುಂಡೀನರು, ಬಸ್ಸು ಹತ್ತಿ ಮೈಕು ಹಿಡಿದರು, ಟೆಸ್‌ನ ನೋಡಿ ಕಲೀರಿ, ಹೊಟ್ಟೆ ಖಾಲಿ ಇದ್ದಾಗಲೇ ದೇವರು ಒಳಗೆ ಬರೋದು, ಎಲ್ಲರೂ ಆಮೆನ್ ಎಂದರು, ಎಲ್ಲರ ತುಟಿಯ ಮೇಲೂ ಡೋನಟ್ಟಿನ ಸಕ್ಕರೆ ಪುಡಿ. ಟೆಸ್ ಕಿಟಕಿಯ ಕಡೆ ತಿರುಗಿ ನಾಚಿಕೊಂಡಳು, ಅವಳಿಗೆ ಸಂತೋಷವಾಗಿತ್ತು.

ಹಾಡಿದೆವು. ನಾನೂ ಹಾಡಿದೆ, ಬಾಯಿ ತನ್ನ ಪಾಡಿಗೆ ಹಾಡುತ್ತದೆ, ಈಗ ಕೊನೆಯ ಆಶೀರ್ವಾದದ ಹಾಡು, ವೇದಿಕೆಯ ಮೆಟ್ಟಿಲಿಳಿದು ಜನರ ಸುತ್ತ ಕೈ ಕೈ ಹಿಡಿದು ವರ್ತುಲ ಕಟ್ಟಬೇಕು, ಕೊನೆಯ ಸ್ವರ ಅಡಗುವ ತನಕ ಕೈ ಬಿಡಬಾರದು, ಅಮ್ಮನ ಕಾಲದಲ್ಲೂ ಬಿಟ್ಟಿರಲಿಲ್ಲವಂತೆ, ಪ್ರತಿ ಊರಿನಲ್ಲೂ ಟೆಸ್ ನನ್ನಿಂದ ದೂರ ಹೋಗಿ ನಿಲ್ಲುತ್ತಿದ್ದಳು — ಇವತ್ತು ನಾನು ನನ್ನ ಜಾಗ ಬಿಟ್ಟು ಇಬ್ಬರನ್ನು ದಾಟಿ ಬಂದೆ, ಲುಂಡೀನರ ಹುಬ್ಬು ಗಂಟಿಕ್ಕಿತು, ಗಂಟಿಕ್ಕಲಿ, ಅವಳ ಕೈ ಹಿಡಿದೆ. ಹಿಮದಲ್ಲಿ ಅದ್ದಿ ತೆಗೆದ ಹಾಗಿದೆ. ಅಂಗೈಯಿಂದ ಬೆರಳನ್ನು ಮೆಲ್ಲಗೆ ಮೇಲೆ ಸರಿಸಿದೆ, ಹೆಬ್ಬೆರಳಿನ ಬುಡಕ್ಕೆ, ಮಣಿಕಟ್ಟಿಗೆ, ಅವಳಿಗೆ ಗೊತ್ತಾಯಿತು, ಕೈ ಎಳೆದುಕೊಳ್ಳಲು ನೋಡಿದಳು, ಎಳೆದುಕೊಂಡರೆ ವರ್ತುಲ ಮುರಿಯುತ್ತದೆ, ಮುರಿಯಲಾರಳು, ಬಿಡೇ ಎಂದಿತು ಅವಳ ಕಣ್ಣು, ಬಿಡಲಿಲ್ಲ. ಒಂದು ಬಡಿತ, ಇನ್ನೊಂದು, ಆಮೇಲೆ ಎರಡು ಒಂದರ ಮೇಲೊಂದು ಮುಗ್ಗರಿಸಿದಂತೆ, ಆಮೇಲೆ ಏನೂ ಇಲ್ಲ, ಏನೂ ಇಲ್ಲ, ಮತ್ತೆ ಒಂದು, ನಮ್ಮೆಲ್ಲರ ಗುನುಗಿನ ಮೇಲೆ ಅವಳ ದನಿ ಒಂದೇ ಏರುತ್ತಿದೆ, ದೇವದೂತರ ದನಿ ಅನ್ನುತ್ತಾರೆ ಇದಕ್ಕೆ, ಕೇಳಿ, ಕೇಳಿ ಕಣ್ಣು ಮುಚ್ಚಿಕೊಳ್ಳಿ, ಹೇಸಿಗೆ ಜನ. ನನ್ನ ಇನ್ನೊಂದು ಪಕ್ಕದವಳ ಕೈ ಬಿಟ್ಟೆ. ಹಾಡು ನಿಲ್ಸಿ ಸರ್ ಎಂದೆ, ಯಾರೂ ನಿಲ್ಲಿಸಲಿಲ್ಲ, ಟೆಸ್ಸಳ ದನಿ ನಡುವೆಯೇ ತುಂಡಾಗಿ ಕಾಲು ಮಡಿಚಿತು, ಅವಳ ಆಚೆ ಪಕ್ಕದವಳು ಕಲಿಸಿದ ಹಾಗೆಯೇ ತೋಳು ಹಿಡಿದು ಮೆಲ್ಲಗೆ ಇಳಿಸಿದಳು, ಹಾಡುತ್ತಲೇ, ನನ್ನ ಕಡೆ ನೋಡಿ ಸಮಾಧಾನವಾಗಿ ತಲೆಯಾಡಿಸಿದಳು, ನಾನು ಟೆಸ್ಸಳ ಜೊತೆಯೇ ನೆಲಕ್ಕೆ ಕುಸಿದೆ, ಮಣಿಕಟ್ಟು ಬಿಟ್ಟಿಲ್ಲ, ಆಂಬ್ಯುಲೆನ್ಸ್ ಕರೀರಿ ಎಂದೆ, ಯಾರಾದ್ರೂ ಆಂಬ್ಯುಲೆನ್ಸ್ ಕರೀರಿ, ನಮ್ಮ ಎದುರಿನ ಬೆಂಚಿನ ತುದಿಯಲ್ಲಿ ವರ್ನಾ ಕೂತಿದ್ದಾಳೆ, ತಲೆ ತಗ್ಗಿಸಿ, ಕಣ್ಣು ಮುಚ್ಚಿ, ನನ್ನ ದನಿ ಕೇಳಿದ್ದೇ ತುಂಬುಹೃದಯದಿಂದ ಆಮೆನ್ ಎಂದಳು. ಲುಂಡೀನರ ಕೈಗಳು ಇನ್ನೂ ಮೇಲೆಯೇ ಇವೆ, ಕೊನೆಯ ಸ್ವರವನ್ನು ಇಳಿಯಗೊಡದೆ ಹಿಡಿದಿವೆ, ನನ್ನ ಎರಡು ಬೆರಳಿನ ಕೆಳಗೆ ಒಂದು ಬಡಿತ, ಆಮೇಲೆ ಆ ಖಾಲಿ ಜಾಗ, ಒಂದು ಬಡಿತ, ಆ ಖಾಲಿ ಜಾಗ, ತಣ್ಣನೆಯ ಚರ್ಮ, ಅದರ ಕೆಳಗೆ ಮೂಳೆ, ಬಾ, ಇನ್ನೊಂದು ಬಾ, ಆ ಖಾಲಿ ಜಾಗ, ಬಾರೇ, ಆ ಖಾಲಿ ಜಾಗ —