ಮೂರನೇ ಕೊಳದ ಪೊರೆ

ಅಮ್ಮ ಮಲಗುತ್ತಿದ್ದ ಕೋಣೆಯಲ್ಲಿ ಈಗ ಪಾಚಿ ಬೆಳೆಯುತ್ತಿತ್ತು. ಕಿಟಕಿಗೆ ತಾಗಿದ ಹಲಗೆಯ ಮೇಲೆ ಹದಿನಾಲ್ಕು ಗಾಜಿನ ಜಾಡಿಗಳು, ಒಂದೊಂದರೊಳಗೂ ಗಾಳಿಯ ಕೊಳವೆ, ಗುಳುಗುಳು ಎನ್ನುವ ಹಸಿರು ನೀರು. ಬಿಸಿಲು ಅದರೊಳಗಿಂದ ಹಾದು ಗೋಡೆ, ಮಂಚ, ನೆಲಕ್ಕೆಲ್ಲ ಹಸಿರು ಬಳಿಯುತ್ತಿತ್ತು. ಮೊದಲ ಎರಡು ಜಾಡಿಗಳನ್ನು ಕಾಯಿಲೆ ಬಿದ್ದ ಅಮ್ಮನೇ ಹತ್ತಿರ ಇಡಿಸಿಕೊಂಡಿದ್ದಳು. "ನೀರೊಳಗೆ ಮಲಗಿದ ಹಾಗಿರುತ್ತೆ ಕಣೆ, ನೋವು ಹಗುರ ಆಗುತ್ತೆ" ಎನ್ನುತ್ತಿದ್ದಳು. ಅವಳು ಹೋದ ಮೇಲೆ ಮಗಳಿಗೆ ನಿದ್ದೆ ಹತ್ತುತ್ತಿದ್ದುದು ಆ ಕೋಣೆಯಲ್ಲಿ ಮಾತ್ರ.

ಅಣ್ಣನಿಗೆ ಬಲೆ ಇಡಲು ಅದೇ ಕೋಣೆ ಬೇಕಿತ್ತು. ಸಿಗಡಿ ಸಾಕಣೆಯಲ್ಲಿ ಇಪ್ಪತ್ತು ವರ್ಷ ಪಳಗಿದವನು, ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವ ಪೈಕಿ. ತಂಗಿ ಪಾಚಿ ಸೋಸಿ, ಒಣಗಿಸಿ, ಪುಡಿ ಮಾಡಿ, ಮೀನೆಣ್ಣೆಯಲ್ಲಿ ಕಲಸಿ ಮೇವಿನ ಕಾಳಿಗೆ ಸವರುವುದು ಅವನಿಗೆ ದೊಡ್ಡ ತಮಾಷೆ.

"ಏನಮ್ಮ ಪಾಚಿ ಡಾಕ್ಟರಮ್ಮ, ಸಿಗಡಿಗೆ ಸೊಪ್ಪು ತಿನ್ನಿಸಿ ಹಸು ಮಾಡ್ತೀಯಾ?"

"ಬೇಗ ಬೆಳೀತವೆ ಅಣ್ಣ. ರೋಗಾನೂ ತಡ್ಕೊಳ್ತವೆ."

ಕೊನೆಗೆ ಒಪ್ಪಂದವಾಯಿತು. ಈ ಒಂದು ಬೆಳೆಗೆ ಮೂರನೇ ಕೊಳ ಅವಳದು. ಗೆದ್ದರೆ ಕೋಣೆ ಅವಳಿಗೆ, ಸೋತರೆ ಜಾಡಿಗಳು ಹೊರಗೆ.

ಐವತ್ತು ದಿನ ಎಲ್ಲವೂ ಹೂವೆತ್ತಿದಂತೆ ಸಾಗಿತು. ಆಮೇಲೆ ಪಕ್ಕದ ಎರಡನೇ ಕೊಳಕ್ಕೆ ರೋಗ ಬಂತು. ಅಲ್ಲಿನ ಸಿಗಡಿಗಳು ಮೇವು ಬಿಟ್ಟವು, ಮೂರೇ ದಿನದಲ್ಲಿ ದಡಕ್ಕೆ ಬಂದು ಸತ್ತವು. ಅದರ ಮಾರನೆಯ ಬೆಳಿಗ್ಗೆ ಮೂರನೇ ಕೊಳದ ತಟ್ಟೆಯನ್ನು ಅಣ್ಣನೇ ಎತ್ತಿದ.

ತಟ್ಟೆಯೆಂದರೆ ಬಲೆ ಬಿಗಿದ ಚೌಕಟ್ಟು. ಒಂದು ಹಿಡಿ ಮೇವು ಹಾಕಿ ತಳಕ್ಕಿಳಿಸಿ, ಎರಡು ಗಂಟೆ ಬಿಟ್ಟು ಎತ್ತಿ ನೋಡುವುದು. ಖಾಲಿಯಾಗಿದ್ದರೆ ಸಿಗಡಿ ಚೆನ್ನಾಗಿದೆ ಎಂದರ್ಥ. ಅವತ್ತು ಹಾಕಿದ ಹಿಡಿ ಹಾಕಿದಂತೆಯೇ ಇತ್ತು.

ಅವಳು ಕಾಳುಗಳನ್ನು ಬೆರಳಲ್ಲಿ ಕೆದಕಿ ನೋಡಿದಳು.

"ತಟ್ಟೆ ಸುಳ್ಳು ಹೇಳಲ್ಲ. ಇದಕ್ಕೂ ಬಂತು," ಎಂದ ಅಣ್ಣ. ದನಿಯಲ್ಲಿ ಗೆದ್ದ ಖುಷಿಯೇನೂ ಇರಲಿಲ್ಲ. "ಸಾಯೋಕೆ ಮುಂಚೆ ಹಿಡಿದುಬಿಡೋಣ. ಮಧ್ಯಾಹ್ನ ಬಲೆಯವರು ಬರ್ತಾರೆ, ತೂಬು ತೆಗೀತೀನಿ."

ಇಷ್ಟು ದಿನ ಮಾಡಿದ್ದೆಲ್ಲ ನೀರಿನಲ್ಲಿ ಹೋಮವಾಯಿತು ಎಂದುಕೊಂಡು ಅವಳು ಅಮ್ಮನ ಮಂಚದ ಮೇಲೆ ಹೋಗಿ ಬಿದ್ದುಕೊಂಡಳು. ಅತ್ತಳು. ಜಾಡಿಗಳು ತಮ್ಮ ಪಾಡಿಗೆ ಗುಳುಗುಳು ಎನ್ನುತ್ತಿದ್ದವು. ಹಸಿರು ಬೆಳಕು ಮೊಣಕಾಲಿನಿಂದ ಎದೆಗೆ, ಎದೆಯಿಂದ ಕಣ್ಣಿಗೆ ಏರಿತು.

ಕೊಳದ ತಳದಲ್ಲಿ ಅಮ್ಮ ನಡೆದು ಬರುತ್ತಿದ್ದಳು. ಕೆಸರು ಕದಡಲಿಲ್ಲ. ಸುತ್ತ ಸಾವಿರಾರು ಸಿಗಡಿಗಳು ಸ್ನಾನಕ್ಕೆ ಸರದಿ ಕಾಯುವ ಮಕ್ಕಳಂತೆ ಸುಮ್ಮನೆ ಕೂತಿದ್ದವು. ಮಗಳೂ ಅವುಗಳ ನಡುವೆ ಕೂತಿದ್ದಳು, ಏಳು ವರ್ಷದವಳು, ಬಿಚ್ಚುವಾಗ ಅಂಗಿ ಕೊರಳಲ್ಲಿ ಸಿಕ್ಕಿಕೊಂಡು ಕಣ್ಣು ಕಾಣುತ್ತಿರಲಿಲ್ಲ.

"ಉಣ್ಣಲ್ಲ ಅಂತ ಯಾಕೆ ಗಾಬರಿ ಆಗ್ತೀಯೆ?" ಎಂದಳು ಅಮ್ಮ, ಅಂಗಿಯನ್ನು ಮೆಲ್ಲಗೆ ಮೇಲಕ್ಕೆ ಎಳೆಯುತ್ತ. "ಬೆಳೆಯೋ ಮಗು. ಅಂಗಿ ಬಿಗಿ ಆಗಿದೆ, ಅಷ್ಟೇ. ಬಿಚ್ಚಿಕೊಳ್ಳೋಕೆ ಬಿಡು."

ಎಚ್ಚರವಾಗಿ ಮಂಚದಿಂದ ಎದ್ದವಳೇ ಅವಳು ಓಡಿದಳು, ಚಪ್ಪಲಿಯೂ ಇಲ್ಲದೆ, ಗಾಳಿ ಎಲ್ಲವನ್ನೂ ತಳ್ಳಿ ತರುವ ಕೊಳದ ಮೂಲೆಗೆ. ಅಲ್ಲಿ ನೀರಿನ ಮೇಲೆ ಅವು ತೇಲುತ್ತಿದ್ದವು. ಹಾವಿನಂತೆ ಸಿಗಡಿಯೂ ಬೆಳೆದಾಗ ಪೊರೆ ಬಿಡುತ್ತದೆ, ಆ ಹೊತ್ತಿನಲ್ಲಿ ಏನನ್ನೂ ಮುಟ್ಟುವುದಿಲ್ಲ. ಗಾಜಿನಷ್ಟು ತಿಳಿಯಾದ ಪೊರೆಗಳು, ಮೀಸೆಯ ಹೊದಿಕೆ ಕೂಡ ಹರಿಯದಂತೆ, ಮೂಲೆಯ ತುಂಬ. ಬೊಗಸೆಯಲ್ಲಿ ತುಂಬಿಕೊಂಡು ತೂಬಿನ ಬಳಿ ಬಂದಳು. ಬಲೆಯವರು ಬಲೆ ಬಿಚ್ಚುತ್ತಿದ್ದರು. ಅಣ್ಣನ ಕೈ ತೂಬಿನ ಹಲಗೆಯ ಮೇಲಿತ್ತು.

"ಪೊರೆ ಬಿಡ್ತಿವೆ ಅಣ್ಣ. ಮೈಯೆಲ್ಲ ಮೆತ್ತಗಿರುತ್ತೆ. ಈಗ ಬಲೆ ಹಾಕಿದ್ರೆ ಜಜ್ಜಿಹೋಗ್ತವೆ."

"ಪೊರೆ ಬಿಡೋದು ಅಮಾವಾಸ್ಯೆಗೆ. ಇನ್ನೂ ಆರು ದಿನ ಇದೆ."

"ಅದು ನಿನ್ನ ಕೊಳದಲ್ಲಿ. ಇವು ಬೇಗ ಬೆಳೆದಿವೆ."

"ಯಾರು ಹೇಳಿದ್ದು ನಿಂಗೆ?"

"ಅಮ್ಮ," ಎಂದುಬಿಟ್ಟಳು. ಆಮೇಲೆ ನಾಲಿಗೆ ಕಚ್ಚಿಕೊಂಡಳು.

ಎಲ್ಲದಕ್ಕೂ ನಗುವ ಅಣ್ಣ ಇದಕ್ಕೆ ನಗಲಿಲ್ಲ. ಅವಳ ಬೊಗಸೆಯನ್ನೇ ಬಹಳ ಹೊತ್ತು ನೋಡಿದ. ಹಲಗೆಯಿಂದ ಕೈ ತೆಗೆದ.

"ಒಂದು ದಿನ," ಎಂದು ಬಲೆಯವರನ್ನು ಕಳಿಸಿದ.

ಮರುದಿನ ಮಧ್ಯಾಹ್ನ ತಟ್ಟೆ ಬರಿದಾಗಿ ಮೇಲೆ ಬಂತು. ಒಂದೇ ಒಂದು ಸಿಗಡಿ ಅದರಲ್ಲಿ ಚಿಮ್ಮುತ್ತಿತ್ತು, ಹೊಸ ಪೊರೆಯೊಳಗೆ ಕರುಳಿನ ಉದ್ದಕ್ಕೂ ಪಾಚಿ ಮೇವಿನ ಹಸಿರು ಗೆರೆ ತುಂಬಿಕೊಂಡು. ಅಣ್ಣ ಅದನ್ನು ನೀರಿಗೆ ಬಿಟ್ಟ.

ಸಂಜೆ ಅವನು ಕೋಣೆಯ ಬಾಗಿಲಿಗೆ ಬಂದು ನಿಂತ. ಅಮ್ಮ ಹೋದ ಮೇಲೆ ಅವನು ಅಲ್ಲಿಗೆ ಕಾಲಿಟ್ಟಿರಲಿಲ್ಲ. ಜಾಡಿಗಳನ್ನು ಒಂದೊಂದಾಗಿ ನೋಡಿದ. ಒಪ್ಪಂದದ ಲೆಕ್ಕಕ್ಕೆ ಜಾಡಿ ಎಣಿಸಲು ಬಂದಿದ್ದಾನೆ ಎಂದುಕೊಂಡಳು ಅವಳು.

"ಅಮ್ಮ," ಎಂದ ಜಾಡಿಗಳಿಂದ ಕಣ್ಣು ತೆಗೆಯದೆ, "ನನ್ನ ಬಗ್ಗೆ ಏನಾದ್ರೂ ಅಂದ್ಲಾ?"

ಅವಳಿಗೆ ಸುಳ್ಳು ಹೇಳಲು ಬಾಯಿ ಬರಲಿಲ್ಲ. ಮಂಚದಿಂದ ಎದ್ದು ದಿಂಬು ಸರಿಮಾಡಿದಳು.

"ಇಲ್ಲೇ ಸ್ವಲ್ಪ ಮಲಕ್ಕೋ ಅಣ್ಣ. ನೀನೇ ಕೇಳಿ ನೋಡು."

ಅವನು ಕೆಸರಾದ ಚಪ್ಪಲಿಯನ್ನು ಬಾಗಿಲ ಹೊರಗೆ ಬಿಟ್ಟು ಒಳಗೆ ಬಂದ.