ಸುಭದ್ರಾಬಾಯಿಯವರ ಎಡಗೆನ್ನೆ

ಜೇವರ್ಗಿಯ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಿದ್ದ ಸುಭದ್ರಾಬಾಯಿಯವರಿಗೆ ಬಸ್ಸಿನಲ್ಲಿ ಎಡಗಡೆಯ ಕಿಟಕಿ ಸೀಟೇ ಬೇಕು. ಬೆಳಿಗ್ಗೆ ಗುಲ್ಬರ್ಗಾದಿಂದ ದಕ್ಷಿಣಕ್ಕೆ ಹೊರಟರೂ ಸಂಜೆ ಉತ್ತರಕ್ಕೆ ಮರಳಿದರೂ ಬಿಸಿಲು ಅದೇ ಕಡೆ ಬೀಳುತ್ತಿತ್ತು. ಆದರೆ ಗಾಜು ಮುಚ್ಚಿ ಬಿಸಿಲಿಂದ ಪಾರಾಗುವ ತಾನು ಜಾಣೆ ಎಂದು ಅವರ ನಂಬಿಕೆ. ಗಾಜು ಎಳೆದುಕೊಂಡು ವರ್ಷಗಟ್ಟಲೆ ನೆಮ್ಮದಿಯಾಗಿ ತೂಕಡಿಸಿದರು.

ತೊಂಬತ್ತೈದನೇ ಇಸವಿಯಲ್ಲಿ ಶಾಲೆಯ ಗ್ರೂಪ್ ಫೋಟೋ ತೆಗೆಯಲು ಬಂದ ಸ್ಟುಡಿಯೋದ ಬಂದೇನವಾಜ ಕ್ಯಾಮೆರಾದಿಂದ ತಲೆ ಎತ್ತಿದ.

"ಬಾಯಾರ, ಎಡಗಡಿ ಮಾರಿ ಮ್ಯಾಲ ನೆರಳ ಬೀಳಾಕತ್ತದ. ಜರಾ ಬೆಳಕಿಗೆ ತಿರಗ್ರಿ."

ತಿರುಗಿದರು. ನೆರಳೂ ತಿರುಗಿತು. ಪಕ್ಕದಲ್ಲಿದ್ದ ಕನ್ನಡ ಟೀಚರ್ ಕಸ್ತೂರಿಬಾಯಿ ಬಗ್ಗಿ ನೋಡಿ, "ನೆರಳಲ್ಲೋ ತಮ್ಮಾ, ಅದು ಚರ್ಮಾನೇ ಅದ" ಎಂದುಬಿಟ್ಟರು.

ಮರುದಿನವೇ ಸುಭದ್ರಾಬಾಯಿ ಗುಲ್ಬರ್ಗಾದ ಚರ್ಮದ ಡಾಕ್ಟರು ಗುರುಶಾಂತಮ್ಮನವರ ಮುಂದೆ ಕೂತಿದ್ದರು.

"ದಿನಾ ಕಿಟಕಿ ಬಾಜೂ ಕೂಡ್ತೀರೇನ್ರಿ?"

"ಹೌದ್ರಿ. ಆದ್ರ ಗಾಜು ಹಾಕ್ಕೊಂಡೇ ಕೂಡ್ತೇನ್ರಿ!"

ಡಾಕ್ಟರು ನಕ್ಕರು. "ಬಿಸಿಲಿನ್ಯಾಗ ಎರಡು ನಮೂನಿ ಅತಿನೇರಳೆ ಕಿರಣ ಇರ್ತಾವ್ರಿ. ಒಂದು ಚರ್ಮ ಸುಡ್ತದ, ಅದನ್ನ ಗಾಜು ತಡೀತದ. ಇನ್ನೊಂದು ಗಾಜು ದಾಟಿ ಬರ್ತದ. ಉರಿ ಗೊತ್ತಾಗಂಗಿಲ್ಲ, ಸುಮ್ಮನ ಒಳಗಿಳಿದು ಸುಕ್ಕು, ಕಲೆ ಮಾಡ್ತದ. ಎರಡನ್ನೂ ತಡಿಯೋ ಕ್ರೀಮು ಬರದು ಕೊಡ್ತೇನಿ. ಆಗಿದ್ದು ಪೂರಾ ಹೋಗಂಗಿಲ್ಲ, ಮುಂದ ಆಗೋದು ಕಡಿಮಿ ಆಗ್ತದ. ಬೆವತ್ರ ಅಳಿಸಿ ಹೋಗ್ತದ, ಸಂಜಿ ಮುಂದ ಮತ್ತ ಹಚ್ಚಕೋರಿ." ಚೀಟಿ ಬರೆಯುತ್ತಲೇ ಕೇಳಿದರು, "ಸಾಲ್ಯಾಗ ಏನು ಕಲಿಸ್ತೀರಿ?"

ಪ್ರತಿ ವರ್ಷ ಗಾಜಿನ ಪಟ್ಟಕ ಹಿಡಿದು ಮಾಡುವ ಬೆಳಕಿನ ಪಾಠ ಸುಭದ್ರಾಬಾಯಿಯವರ ಕಣ್ಣ ಮುಂದೆ ಬಂತು.

"ಹಿಂದಿ" ಎಂದರು.

ಬಲಗೆನ್ನೆಗೆ ಏನೂ ಆಗಿಲ್ಲವೆಂದು ಎಡಗೆನ್ನೆಗಷ್ಟೇ ಕ್ರೀಮು ಮೆತ್ತಿಕೊಂಡು ಕ್ಲಾಸಿಗೆ ಹೋದರು. ಎಲ್ಲ ಕಡೆ ಕಿಸಿಕಿಸಿ ನಗು. ಮುಂದಿನ ಬೆಂಚಿನ ಹಜರಾಬಿ ಎದ್ದು ನಿಂತಳು. "ಟೀಚರ್, ಮಾರಿಗಿ ಸುಣ್ಣ ಹತ್ತೇದ್ರಿ."

ಬೈಯಲು ಬಾಯಿ ತೆರೆದವರಿಗೆ ತಮ್ಮ ಮೇಲೆಯೇ ನಗು ಬಂತು. ಕೈವಸ್ತ್ರದಿಂದ ಒರೆಸಿಕೊಂಡು, "ಇಲ್ಲಿ ನೋಡ್ರಿ. ಇದು ಬಲಗಡಿ. ಇದು, ಗಾಜು ನಂಬಿದ ನಿಮ್ಮ ವಿಜ್ಞಾನ ಟೀಚರ ಎಡಗಡಿ" ಎಂದು ಎರಡೂ ಕೆನ್ನೆ ತಿರುಗಿಸಿ ತೋರಿಸಿದರು. ಡಾಕ್ಟರು ಹೇಳಿದ್ದನ್ನೆಲ್ಲ ಹೇಳಿದರು, ಹಿಂದಿಯ ವಿಷಯವೊಂದನ್ನು ಬಿಟ್ಟು.

ಬೆಳಕಿನ ಪಾಠ ಕೇಳಲು ಹಿಂದಿನ ಬೆಂಚಿನವರು ಎದ್ದು ಮುಂದೆ ಬಂದದ್ದು ಅದೇ ಮೊದಲು.