ಎರಡನೇ ನಂಬರಿನ ಅಂಗಿ

ಮೊಯ್ದಿನ್ ಇಸ್ತ್ರಿಪೆಟ್ಟಿಗೆಯನ್ನು ಬದಿಗಿಟ್ಟು, ಅಂಗಿಯ ಕಾಲರನ್ನು ಮತ್ತೊಮ್ಮೆ ಸೋಪಿನ ನೀರಿಗೆ ಅದ್ದಿ ಉಜ್ಜಿದ. ಒಳಗಿನ ಹಳದಿ ಕಲೆ ಮೂರನೇ ಸಲವೂ ಹೋಗಲಿಲ್ಲ. ಕೊಲ್ಲಿ ನಾಡಿನ ಬಿನ್ ಒಮ್ರಾನಿನ ಈ ಲಾಂಡ್ರಿಯಲ್ಲಿ ಹದಿನಾಲ್ಕು ವರ್ಷ ಕಂಡವರ ಕೊಳೆಯನ್ನೆಲ್ಲ ತೆಗೆದವನಿಗೆ ಇದೊಂದು ಬಗ್ಗಲಿಲ್ಲವಲ್ಲ!

ಹೊರಗೆ ಪಿಕಪ್ಪಿನ ಹಾರ್ನ್ ಕೇಳಿಸಿತು. ಕ್ಲಬ್ಬಿನ ಡ್ರೈವರ್, ಬಾಗಲಕೋಟೆಯ ನೀಲಕಂಠಪ್ಪ, ಕಿಟಕಿಯಿಂದ ಕೂಗಿದ. "ಯಲ್ಲಾ, ಲಗೂ ಬಾ ಮೊಯ್ದಿನಣ್ಣಾ! ಎರಡಕ್ಕ ಹೆಣದ ಪೆಟ್ಟಿಗಿಗೆ ಮೊಳಿ ಹೊಡೀತಾರ. ಆ ಹೆಣ್ಮಗಳು ಅಂಗೀ ದಾರಿ ಕಾಯಾಕತ್ತಾಳ."

"ಬಂದೆ ಮಾರಾಯ."

ಒದ್ದೆ ಕಾಲರಿನ ಮೇಲೆ ಇಸ್ತ್ರಿ ಎಳೆದು, ಅಂಗಿ ಮಡಚಿಕೊಂಡು ಗಾಡಿ ಹತ್ತಿದ. ಸತ್ತವನು ಅಪೆನಿಸ. ಫಿಜಿ ದೇಶದವನು, ಇಲ್ಲಿಯ ರಗ್ಬಿ ಕ್ಲಬ್ಬಿನ ಆಟಗಾರ. ಕೊನೆಯ ಆಟದ ಅಂಗಿಯನ್ನೇ ಜೊತೆಗೆ ಕಳಿಸಬೇಕೆಂದು ಹೆಂಡತಿ ಹಟ ಹಿಡಿದಿದ್ದಳು.

"ಅವಂದು ಯಾವ ನಂಬರ್ ಅಣ್ಣಾ?" ನೀಲಕಂಠಪ್ಪ ಕೇಳಿದ.

"ಅವನದ್ದು ಅಂತ ಒಂದು ಇತ್ತಾ? ಒಂಬತ್ತು, ಹತ್ತು, ಹನ್ನೆರಡು, ಹದಿನೈದು, ಎಲ್ಲ ಅಂಗಿ ನಾನೇ ತೊಳೆದದ್ದು. ಯಾರು ಬರ್ಲಿಲ್ಲವೋ ಅವರ ಜಾಗಕ್ಕೆ ಇವನು. ಅವನ ದೇಶದ ಟೀಮಿನಲ್ಲೂ ಹಾಗೆಯೇ ಅಂತೆ."

"ಎಲ್ಲಾ ಬರ್ತಿತ್ತಲ್ಲ. ಶಾಣ್ಯಾ ಮನಷ್ಯಾ."

"ಅದೇ ಅವನನ್ನು ತಿಂದದ್ದು," ಎಂದ ಮೊಯ್ದಿನ್.

*

ಆ ಕೊನೆಯ ಆಟದ ದಿನ ಬೆಳಗ್ಗೆ ಅಂಗಿ ಒಯ್ಯಲು ಬಂದ ಅಪೆನಿಸ ಸ್ಟೂಲಿನ ಮೇಲೆ ಕುಸಿದು ಕುಳಿತ. ತನ್ನೂರಿನ ಕಬ್ಬಿನ ಗದ್ದೆಗಳಲ್ಲಿ ಭಾರತ ಮೂಲದವರಿಂದ ಕಲಿತ ಹಿಂದಿಯಲ್ಲಿ, ಕುತ್ತಿಗೆ ತಿರುಗುತ್ತಿಲ್ಲ ಎಂದ. ಮೊಯ್ದಿನ್ ಊರಿನಿಂದ ತಂದ ತೆಂಗಿನೆಣ್ಣೆ ತಿಕ್ಕಿದ.

"ಇವತ್ತು ಆಡಬೇಡ."

"ಎರಡನೇ ನಂಬರಿನವನಿಗೆ ಜ್ವರ. ನಾನೇ ನಿಲ್ಲಬೇಕು."

ಎಂಟೆಂಟು ಮಂದಿ ಹೆಗಲು ಕೂಡಿಸಿ ಎದುರುಬದುರು ತಳ್ಳುವಾಗ ಮುಂದಿನ ಸಾಲಿನ ನಡುವೆ ತಲೆ ತೂರಿಸುವವನೇ ಎರಡನೇ ನಂಬರಿನವನು. ಭಾರವೆಲ್ಲ ಅವನ ಕುತ್ತಿಗೆಗೆ. ಮೊಯ್ದಿನ್‌ಗೆ ಅದು ಗೊತ್ತಿತ್ತು.

"ಕೋಚಿಗೆ ನಾನು ಹೇಳುತ್ತೇನೆ."

"ಹೇಳಬೇಡ. ಒಂದು ಸಲ ಆಗುವುದಿಲ್ಲ ಅಂದರೆ ಮುಂದಿನ ಸಲ ಕರೆಯುವುದಿಲ್ಲ. ನನಗೆ ನನ್ನದೇ ಜಾಗ ಅಂತ ಇಲ್ಲವಲ್ಲ. ನನ್ನ ಹೆಂಡತಿಗೂ ಹೇಳಬೇಡ."

ಆ ಅಂಗಿಯನ್ನು ಅವನ ತಲೆಯ ಮೇಲಿನಿಂದ ಇಳಿಸಿ ತೊಡಿಸಿದವನು ಮೊಯ್ದಿನೇ. ಆ ತಳ್ಳಾಟದಲ್ಲಿ ಅಪೆನಿಸನ ಕುತ್ತಿಗೆ ಮುರಿಯಿತು. ಸಂಜೆ ಆಸ್ಪತ್ರೆಯವರು ಅದನ್ನು ಎದೆಯ ಮೇಲೆ ಕತ್ತರಿಯಿಂದ ಸೀಳಿ ತೆಗೆದರು. ನಾಲ್ಕನೇ ದಿನ ಅಪೆನಿಸ ತೀರಿಕೊಂಡ.

*

ಶವಾಗಾರದ ಜಗಲಿಯಲ್ಲಿ ಅಪೆನಿಸನ ಹೆಂಡತಿ ಲಿತಿಯಾ, ತನ್ನೂರಿನ ಚಾಪೆ ಹಾಸಿ ಪೆಟ್ಟಿಗೆಯ ಪಕ್ಕ ಕುಳಿತಿದ್ದಳು. ಅಂಗಿಯನ್ನು ತೆಗೆದುಕೊಂಡು ಮುಖಕ್ಕೊತ್ತಿಕೊಂಡವಳು ತಟ್ಟನೆ ತಲೆ ಎತ್ತಿದಳು.

"ತೊಳೆದೆಯಾ?" ಎಂದಳು, ಗಂಡನಾಡುತ್ತಿದ್ದ ಅದೇ ಹಿಂದಿಯಲ್ಲಿ.

"ಮಣ್ಣಾಗಿತ್ತು. ರಕ್ತವೂ..." ಅಯ್ಯೋ, ಅವಳಿಗೆ ಬೇಕಿದ್ದದ್ದು ಆ ಮಣ್ಣು, ಅವನ ಆ ಮೈವಾಸನೆಯೇ ಎಂದು ಅವನಿಗೆ ಆಗ ಹೊಳೆಯಿತು.

ಅವಳ ಬೆರಳು ಕಾಲರಿನ ಕಲೆಯ ಮೇಲೆ ನಿಂತಿತು. ಮೂಗಿಗೆ ಹಿಡಿದಳು. "ತೆಂಗಿನೆಣ್ಣೆ. ಇದು ಹೇಗೆ ಬಂತು?"

ಇಸ್ತ್ರಿಯ ಸ್ಪ್ರೇ ಅಂದುಬಿಡಬಹುದಿತ್ತು. ಆಗಲಿಲ್ಲ ಅವನಿಂದ.

"ನಾನು ಹಚ್ಚಿದ್ದು. ಬೆಳಗ್ಗೆಯೇ ಅವನ ಕುತ್ತಿಗೆ ನೋಯುತ್ತಿತ್ತು. ನನಗೆ ಗೊತ್ತಿತ್ತು. ನಾನು ಯಾರಿಗೂ ಹೇಳಲಿಲ್ಲ."

ಲಿತಿಯಾ ಎದ್ದು ನಿಂತಳು. ಅಂಗಿಯನ್ನು ಮುಷ್ಟಿಯಲ್ಲಿ ಹಿಡಿದು ಅವನ ಎದೆಗೆ ಹೊಡೆದಳು. ಮತ್ತೆ ಹೊಡೆದಳು. ಮೂರನೇ ಹೊಡೆತಕ್ಕೆ, ಅವನು ಹಿಂದಿನ ದಿನ ಹೊಲಿದಿದ್ದ ಸೀಳು ಪರ್ರನೆ ಬಿಟ್ಟುಕೊಂಡಿತು. ನೀಲಕಂಠಪ್ಪ "ಯವ್ವಾ, ಸಾಕು ಬಿಡು" ಎಂದು ನಡುವೆ ಬಂದ. ಮೊಯ್ದಿನ್ ಅವನನ್ನು ಬದಿಗೆ ಸರಿಸಿದ.

ಅವಳು ಹರಿದ ಅಂಗಿಯನ್ನು ನೋಡುತ್ತ ಚಾಪೆಯ ಮೇಲೆ ಕುಳಿತುಬಿಟ್ಟಳು.

"ಹೊಲಿ," ಎಂದಳು. "ಹೀಗೆ ಕಳಿಸುವುದಿಲ್ಲ ನಾನು."

ಪೆಟ್ಟಿಗೆಗೆ ಮೊಳೆ ಹೊಡೆಯಲು ಸುತ್ತಿಗೆ ಹಿಡಿದು ನಿಂತಿದ್ದವನು ಗಡಿಯಾರ ನೋಡಿಕೊಂಡ. ಮೊಯ್ದಿನ್ ಚಾಪೆಯಂಚಿನಲ್ಲಿ ಕುಳಿತು, ಜೇಬಿನಂಚಿಗೆ ಸದಾ ಚುಚ್ಚಿಕೊಂಡಿರುವ ಸೂಜಿಯನ್ನು ತೆಗೆದ. ಅದಕ್ಕೆ ಸುತ್ತಿದ್ದ ದಾರ ಬಿಚ್ಚಿದ. ದಾರ ಸೂಜಿಯ ಕಣ್ಣಿಗೆ ಹೋಗಲೊಲ್ಲದು. ಮತ್ತೆ ಮತ್ತೆ ಎಂಜಲು ಹಚ್ಚಿ ಹೊಸೆದ.

ಲಿತಿಯಾ ಅವನ ಕೈಯಿಂದ ಸೂಜಿಯನ್ನು ಕಿತ್ತುಕೊಂಡಳು. ಬಿಸಿಲಿಗೆ ಹಿಡಿದು ದಾರ ಪೋಣಿಸಿ, ಅವನ ಮುಖ ನೋಡದೆ ಮರಳಿ ಕೊಟ್ಟಳು.